ಮೂವತ್ತೇಳನೇ ಬಾವಿ

ಮೂವತ್ತೊಂದು ವರ್ಷ ಕೆಂಪು ರೆಕ್ಸಿನ್ನಿನೊಳಗ
ಬಂಗಾರದಕ್ಷರ ಹೊದ್ದು ಮಲಗಿತ್ತು ನನ್ನ ಪ್ರಬಂಧ,
ರೋಣ ತಾಲೂಕಿನ ಬಾವಿಗಳ ಉಪ್ಪಿನ ಮ್ಯಾಲೆ.
ಧಾರವಾಡದ ಗ್ರಂಥಾಲಯ, ಮೂರನೇ ಮಾಳಿಗಿ,
ಕಿಡಕಿ ಕಡೆ ಕಪಾಟು.
ಓದಿದವರು: ನಾನು, ಗೈಡು, ಒಂದು ಗೆದ್ದಲು.
ಗೆದ್ದಲು ಪೂರಾ ಓದಿತ್ತು.

ಅಫ್ರೀನ್ ನದಾಫ ಅಂತ ಒಬ್ಬ ಹುಡುಗಿ
ಹಾಳಿ ಹಾಳಿ ಸ್ಕ್ಯಾನ್ ಮಾಡಿ ಜಾಲಕ್ಕ ಏರಿಸಿದಳು.
"ಇನ್ನ ಯಾರು ಬೇಕಾದ್ರೂ ನೋಡಬೌದ್ರಿ ಸರ್,
ಕೇಳಬೌದ್ರಿ, ಕೆಳಗ ಬರೀಬೌದ್ರಿ."
ನಾ ನಕ್ಕೆ. ಉಪ್ಪಿನ ಮಾತು ಯಾರು ಕೇಳತಾರ,
ಇಲ್ಲದಾಗಷ್ಟ ನೆನಪಾಗೋ ವಸ್ತು.

ಮೊದಲ ವಾರ ನಾಕು ಸಲ ತೆರದಿತ್ತು.
ಅದರಾಗ ಮೂರು ನಾನ, ಫೋನಿನ್ಯಾಗ, ರಾತ್ರಿ.
ಆಮ್ಯಾಲೆ ಟ್ಯುನೀಷಿಯಾದಿಂದ ಒಬ್ಬಾಕಿ, ಉಮೈಮಾ,
ಅಲ್ಲೂ ಬಾವಿ ಉಪ್ಪಂತ,
ಹೊಂಬಳ ಸರ್ ಅಂತ ಶುರು ಮಾಡಿ ಕೇಳಿದಳು:
"ಹದಿನಾಲ್ಕನೇ ಕೋಷ್ಟಕ. ಮೇ ತಿಂಗಳು.
ಮೂವತ್ತಾರು, ಮೂವತ್ತೇಳು, ಎರಡೂ ಬಾವಿಗೆ
ದಶಾಂಶದ ತನಕ ಒಂದ ಅಂಕಿ.
ನಿಮ್ಮ ನೆಲ ಅಷ್ಟು ಸಮ ಐತೇನು?"

ನಮ್ಮ ನೆಲ ಸಮ ಇಲ್ಲವ್ವ.
ಲೂನಾದ ಹಿಂದಿನ ಗಾಲಿ ಪಂಕ್ಚರ್ ಆಗಿತ್ತು.
ಎರಿ ಬಿರತು ಬಾಯಿ ತಕ್ಕೊಂಡಿತ್ತು, ಬಿಸಲು ನೆತ್ತಿಮ್ಯಾಲೆ ಕುಂತಿತ್ತು.
ಮೂವತ್ತಾರನೇ ಬಾವಿಯ ಕಟ್ಟಿಮ್ಯಾಲೆ
ಯಾರೋ ಕೊಟ್ಟ ಮಜ್ಜಿಗಿ ಕುಡದು
ಆ ಎರಡು ಮೈಲಿ ನಾ ನಡೀಲಿಲ್ಲ.
ಒಂದು ಬಾಟಲಿಯಿಂದ ಇನ್ನೊಂದಕ್ಕ ಅರ್ಧ ಸುರುವಿದೆ.
ಚೀಟಿ ಹಚ್ಚಿದೆ. ಕೈಬರಹ ಚಂದಿತ್ತು.

ವೈವಾದಾಗ ಯಾರೂ ಕೇಳಲಿಲ್ಲ.
ಚಹಾ ಕುಡದು ಎದ್ದರು.

ಮರುದಿನ ಗದಗಿನ ಬಸ್ಸು, ಅಲ್ಲಿಂದ ನರೇಗಲ್ಲಿನದು,
ಅಲ್ಲಿಂದ ಟಂಟಂ. ಚೀಲದಾಗ ಮೀಟರು.
ಬಾವಿ ಇರಲಿಲ್ಲ. ಸಿಮೆಂಟಿನ ಚಪ್ಪಡಿ,
ಅದರ ಮ್ಯಾಲೆ ಯಾರದೋ ಹತ್ತಿಕಟಗಿ.
ಬಾಜೂಕ ಶುದ್ಧ ನೀರಿನ ಘಟಕ,
ಐದು ರೂಪಾಯಿ ಹಾಕಿದರ ಒಂದು ಕೊಡ.
ಮೀಟರು ಚೀಲದಾಗ ಉಳೀತು.

ಸರದಿಯೊಳಗ ಕೊಡ ಇಟ್ಟು ಕುಂತಾಕಿಗೆ ಕೇಳಿದೆ:
ಹೆಂಗಿತ್ತಬೇ ಯವ್ವಾ, ಈ ಬಾವಿ ನೀರು?
"ಸಿಹೀ ಇತ್ತೋ ಯಪ್ಪಾ.
ಸುತ್ತ ಏಳೂರಾಗ ಇದೊಂದ ಸಿಹಿ.
ಬ್ಯಾಳಿ ಬೇಯ್ತಿತ್ತು ಇದರಾಗ."

ನಾಲಗಿ ಮೀಟರಲ್ಲ, ಅಂತ
ಒಳಗಿನ ಮಾಸ್ತರ ಬಾಯಿ ತಗದ.
ಬ್ಯಾಳಿಗೆ ಏನಂತಿ, ಅಂದೆ. ಸುಮ್ಮನಾದ.

ರಾತ್ರಿ ಉಮೈಮಾಗ ಬರದೆ:
ಆ ಬಾವಿಗೆ ನಾನು ಹೋಗೇ ಇಲ್ಲ.
ಆ ಅಂಕಿ ಬಾಜೂ ಬಾವೀದು.
ಅದು ಸಿಹಿ ಇತ್ತಂತ. ಅಳತಿ ಇಲ್ಲ.
ಕಳಿಸೋ ಮುಂದ ಬಟ್ಟು ನಡುಗಿತು,
ಪಿಂಚಣಿ ಕಾಗದಕ್ಕೂ ಹಂಗ ನಡುಗಿದ್ದಿಲ್ಲ.

"ಹಳೇದು ಅಳಸಾಕ ಬರಂಗಿಲ್ರಿ ಸರ್,"
ಅಫ್ರೀನ್ ಅಂದಳು. "ಅದು ಹಂಗ ಇರತೈತಿ.
ಹೊಸಾದು ಅದರ ಮ್ಯಾಲೆ ಕೂಡತೈತಿ,
ಎರಡನೇ ಆವೃತ್ತಿ ಅಂತ."
ಇರಲಿ.

ಮೂವತ್ತೇಳರ ಮುಂದ ಈಗ ಒಂದು ಅಡ್ಡಗೆರಿ.
ಕೆಳಗ ಸಣ್ಣಕ್ಷರದಾಗ: ಬ್ಯಾಳಿ ಬೇಯ್ತಿತ್ತು.
ಟ್ಯುನೀಷಿಯಾದಿಂದ ಇನ್ನೂ ಏನೂ ಬಂದಿಲ್ಲ.
ತೆರದದ್ದು ಹನ್ನೊಂದು ಸಲ, ಅನ್ನತೈತಿ.
ಅದರಾಗ ನಾ ಎಷ್ಟು, ಎಣಿಸಿಲ್ಲ.