ಧರ್ಮದ ಹಿಡಿ

ಬ್ಯಾಡಗಿಯ ಪೇಟೆಯೊಳಗೆ ಕಾಲಿಟ್ಟ ಕೂಡಲೇ
ಮೊದಲ ಪ್ರಶ್ನೆಗೂ ಮೊದಲು ಮೂರು ಸೀನು.
ಕೈಯಲ್ಲಿ ಟ್ಯಾಬು, ಅದರಲ್ಲಿ ನಲವತ್ತೊಂದು ಪ್ರಶ್ನೆ:
ದಾನಕ್ಕೆ ಕಾನೂನು ಎಷ್ಟು ಅನುಕೂಲ?
ಒಂದರಿಂದ ಐದರೊಳಗೆ ಹೇಳಿ.

ಕುಬೇರಪ್ಪ ಶೀಗಿಹಳ್ಳಿ, ದಲಾಲಿ ಅಂಗಡಿಯ ಗುಮಾಸ್ತ,
ಹಾಸ್ಟೆಲ್ ಟ್ರಸ್ಟಿನ ಕಾರ್ಯದರ್ಶಿಯೂ ಹೌದು,
ಟವೆಲ್ಲಿನ ತುದಿಯಿಂದ ಕುರ್ಚಿ ಝಾಡಿಸಿದರು.
‘ಕೂಡ್ರಿ ತಂಗಿ. ಐದಂದ್ರ ಚಲೋನೋ, ಕೆಟ್ಟೋ?’

ನೋಂದಣಿ ಸುಲಭವೇ?
‘ರಜಿಸ್ಟರ್ ಆಫೀಸಿಗೆ ಎಂಟು ಸಲ ಹೋಗೀನಿ.
ಒಂಬತ್ತನೇದಕ್ಕ ಸಾಹೇಬರು ವರ್ಗ ಆದ್ರು.
ಎಷ್ಟರೆ ಬರಕೋರಿ.’
ಎರಡು ಅಂತ ಒತ್ತಿದೆ.

ತೆರಿಗೆ ವಿನಾಯಿತಿ?
‘ಇಲ್ಲಿ ಕೊಡಾವ್ರು ರಸೀದಿ ಕೇಳಂಗಿಲ್ಲ.
ರಸೀದಿ ಕೇಳಾವ್ರು ಹುಬ್ಬಳ್ಳ್ಯಾಗ ಅದಾರ.’

ಆಮೇಲೆ ತಾವಾಗಿಯೇ, ಯಾವ ಪ್ರಶ್ನೆಗೂ ಅಲ್ಲ:
ಅವರಪ್ಪನ ಕಾಲಕ್ಕೆ ಚೀಲಕ್ಕೊಂದು ಹಿಡಿ ಕಾಯಿ
ಧರ್ಮದ ಬುಟ್ಟಿಗೆ ಬೀಳುತ್ತಿತ್ತಂತೆ.
ಆ ಬುಟ್ಟಿಯಿಂದಲೇ ಹಾಸ್ಟೆಲ್ಲಿನ ಗೋಡೆ, ಗಂಟೆ,
ನಲವತ್ತು ಹುಡುಗರ ರೊಟ್ಟಿ.
ಕಾಯ್ದೆ ಬಂತು, ಹಿಡಿ ನಿಂತಿತು.
‘ತಪ್ಪಲ್ಲ ಬಿಡ್ರಿ. ಹಿಡಿ ನಮ್ಮ ಕೈದು,
ಕಾಯಿ ರೈತಂದು. ಅಂವನ್ನ ಯಾರೂ ಕೇಳಿದ್ದಿಲ್ಲ.
ನಮ್ಮಪ್ಪನ ಹೆಸರು ಮಾತ್ರ ಗ್ವಾಡಿಮ್ಯಾಲ ಐತಿ.’

ಇದಕ್ಕೆ ಎಷ್ಟು ಕೊಡಲಿ?
ಕಾನೂನು ಧರ್ಮದ ಕೈ ಕಟ್ಟಿತೋ,
ಕೈ ತೊಳೆಯಿತೋ?
ಐದರಲ್ಲಿ ಮೂರು ಅಂದರೆ ಏನೂ ಅನ್ನದ ಹಾಗೆ.
ಬೆರಳು ಗಾಜಿನ ಮೇಲೆ ನಿಂತೇ ಇತ್ತು,
ಕಣ್ಣು ಉರಿಯುತ್ತಿತ್ತು.

ಹೊರಗೆ ತುಂಬು ಬಿಡಿಸುವ ಹೆಂಗಸರ ಸಾಲು,
ಮೊಣಕೈತನಕ ಕೆಂಪು.
ಹಜರತಬಿ ಎಂಬಾಕೆ ಕೂಲಿ ಎಣಿಸಿಕೊಂಡು
ಹತ್ತು ರೂಪಾಯಿ ತಗಡಿನ ಡಬ್ಬಿಗೆ ಹಾಕಿದಳು.
ಯಾರಿಗೆ?
‘ಗುತ್ತೆವ್ವನ ಕಣ್ಣಿನ ಆಪರೇಷನ್ನಿಗೆ.’
ಮೂಲೆಯಲ್ಲಿದ್ದ ಗುತ್ತೆವ್ವ ತಲೆ ಎತ್ತಲಿಲ್ಲ,
ಬೆರಳಿನಿಂದಲೇ ತೊಟ್ಟು ಹುಡುಕುತ್ತಿದ್ದಳು.
ಡಬ್ಬಿ ನೋಂದಣಿ ಆಗಿದೆಯೇ ಅಂತ ಬಾಯಿಗೆ ಬಂದದ್ದು
ಸೀನಾಗಿ ಹೋಯಿತು.

‘ಘಾಟು ಹತ್ತೇತಿ ನಿಮಗ’ ಅನ್ನುತ್ತ
ಹಜರತಬಿ ಸೆರಗಿನ ಗಂಟು ಬಿಚ್ಚಿ
ಬೆಲ್ಲದ ಚೂರು ಕೊಟ್ಟಳು.

ಟ್ಯಾಬಿನಲ್ಲಿ ಹತ್ತೊಂಬತ್ತನೇ ಪ್ರಶ್ನೆ.
ಖಾಲಿ ಬಿಟ್ಟರೆ ಮುಂದಕ್ಕೆ ಹೋಗಗೊಡುವುದಿಲ್ಲ.
ಬೆಲ್ಲ ಕರಗುವತನಕ ನಿಂತೆ.
ಆಮೇಲೆ
ಮೂರು ಒತ್ತಿದೆ.