ಒಲೆ ಆರಿಸು ಮೊದಲು

ಒಲೆ ಆರಿಸು ಮೊದಲು.
ಚಹಾ ಆಮೇಲೆ ಕುಡಿದರಾಯಿತು, ಯಾಸ್ನಾ.
ಗ್ಯಾಸಿನ ಆ ಸಣ್ಣ ನೀಲಿ ಕಣ್ಣನ್ನೂ ಮುಚ್ಚು,
ಅದು ಮಲಗಿದ ಹಾಗೆ ನಟಿಸುತ್ತದೆ, ಅಷ್ಟೆ.
ಆರಿತೇ? ಈಗ ಟ್ಯಾಂಕು ಒಳಗೆ ತಾ.

ಪುಂತಾ ಅರೇನಾಸಿನಲ್ಲಿ
ಗಾಳಿಯನ್ನು ಬೈದವರುಂಟು, ಗೆದ್ದವರಿಲ್ಲ.
ಈ ಸಲ ಒಂದು ಕೆಲಸಕ್ಕಾದರೂ ಬಂತು:
ಪೆಟ್ರೋಲು ಬಸಿದ ಟ್ಯಾಂಕಿನ ಬಾಯಿ ತೆರೆದು
ನಾಲ್ಕು ದಿನ ಅಂಗಳದಲ್ಲಿಟ್ಟೆ,
ಒಳಗಿನ ವಾಸನೆಯನ್ನೆಲ್ಲ
ಜಲಸಂಧಿಯಾಚೆ ಒಯ್ದು ಚೆಲ್ಲಿದೆ.

ಹೊರಗೆ ಮೂರು ಡಿಗ್ರಿ.
ಆ ಚಳಿಯಲ್ಲಿ ಅಂಟು ಅಂಟಲ್ಲ, ಬರೀ ಮಾತು.
ಮೇಜಿನ ಮೇಲೆ ಕುರಿಯ ತುಪ್ಪಟ ಹಾಸು,
ಮಲಗಿಸು, ಬಿಸಿನೀರಿನ ಚೀಲ ಹೊದಿಸು.
ಉಗುರುಬೆಚ್ಚಗಾದರೆ ಸಾಕು.
(ನಿನ್ನತ್ತೆ ಎದುವೀನಾ ಪೋರ್ವೆನೀರಿನಲ್ಲಿ
ತಂಗಿಯ ಮನೆಯಲ್ಲಿದ್ದಾಳೆ. ನನ್ನ ಪುಣ್ಯ.)

ಹಳೆಯ ಪ್ಯಾಡಿಗೆ ಚಾಕು ಹಾಕಬೇಡ.
ಗಾಳದ ನೂಲು ತಗೋ, ಎರಡೂ ಕೈಗೆ ಸುತ್ತು,
ಗರಗಸದ ಹಾಗೆ, ಮೆಲ್ಲಗೆ, ಅಂಚಿನಿಂದ.
ಬರುತ್ತದೆ. ಬಾರದೆ ಎಲ್ಲಿಗೆ ಹೋಗುತ್ತದೆ?
ಅದರ ತುಂಬ ಕೊಯ್ರೋನನ ಉಗುರಿನ ಗೀರು.
ಹನ್ನೊಂದು ವರ್ಷ ನಿನ್ನ ಮುಂದೆ ಕೂತು
ಕುರಿದೊಡ್ಡಿಯಿಂದ ಕುರಿದೊಡ್ಡಿಗೆ,
ಬೆನ್ನ ಮೇಲೆ ನೀನು ಲಸಿಕೆ ಹೊತ್ತಾಗ
ಕಲ್ಲುಹಾದಿಯ ತಿರುವಿನಲ್ಲೆಲ್ಲ
ಅವನು ಹಿಡಿದದ್ದು ಇದನ್ನೇ.
ಬಿಸಾಡಬೇಡ. ಅಂಗಿಯ ಜೇಬಿಗೆ ಹಾಕಿಕೋ.
ಈಗ ಕೆಳಗೆ ನೋಡು: ಕೊಂಡ ದಿನದ ಕೆಂಪು.

ಉಳಿದ ಅಂಟನ್ನು ಹೆಬ್ಬೆರಳಿನಿಂದ ಉಜ್ಜಿ
ಉಂಡೆ ಮಾಡು. ಆಮೇಲೆ ಸ್ಪಿರಿಟ್ಟು,
ಬಟ್ಟೆಗೆ ಹಾಕು, ಟ್ಯಾಂಕಿಗೆ ಸುರಿಯಬೇಡ.
ಕೈಗವಸು. ಎರಡೂ ಕೈಗೆ.
ಕಾಣದ ಕಡೆ ಒಂದು ಚೂರು ಒರೆಸಿ ನೋಡು,
ಬಟ್ಟೆ ಕೆಂಪಾದರೆ ನಿಲ್ಲಿಸು.
ಆ ಬಾಟಲಿಯಲ್ಲ!
ಅದು ಅಸಿಟೋನ್, ಬಣ್ಣವನ್ನೇ ಉಣ್ಣುತ್ತದೆ.
ಅದು ಈ ಮನೆಯೊಳಗೆ ಬಂದದ್ದು ಹೇಗೆ?
ಹೊರಗಿಡು. ಅಂಗಳದ ಬಾಗಿಲು ತೆಗೆ. ಕಿಟಕಿಯನ್ನೂ.
ಚಳಿಯಾಗಲಿ.

ನನ್ನ ಎಡಗಿವಿಯನ್ನು ನೀನು ನೋಡಿದ್ದೀಯ,
ಕೇಳಿಲ್ಲ. ಒಳ್ಳೆಯ ಹುಡುಗಿ.
ಎಂಬತ್ತೇಳರ ಜೂನ್. ಹೆಡ್‌ಲೈಟಿನ ಕವಚ ಕೂರಿಸುತ್ತಿದ್ದೆ.
ಥಂಡಿಗೆ ಹೆದರಿ ಸಂದುಗೊಂದಿಗೆಲ್ಲ
ಗೋಣಿ ತುರುಕಿದ್ದೆ ನಾನೇ.
ಆವಿ ಮೇಲೇರುತ್ತದೆ ಅಂದುಕೊಂಡಿದ್ದೆ.
ಇಲ್ಲ, ಅದು ನೆಲ ಹಿಡಿದು ನಡೆಯುತ್ತದೆ,
ಬೆಕ್ಕಿನ ಹಾಗೆ ಬೆಚ್ಚಗಿನ ಮೂಲೆ ಹುಡುಕಿಕೊಂಡು
ಸೀಮೆಎಣ್ಣೆ ಒಲೆಯ ಬುಡಕ್ಕೆ.
ಸದ್ದು ದೊಡ್ಡದೇನಲ್ಲ.
ಯಾರೋ ಪಕ್ಕದಲ್ಲಿ ಕಂಬಳಿ ಕೊಡವಿದಂತೆ.
ನನಗೆ ಕಿವಿ ಹೋಯಿತು.
ಕಸ ಗುಡಿಸುತ್ತಿದ್ದ ಫಿಲೆಮೋನನಿಗೆ ಎರಡು ಕೈ.
ಹತ್ತೊಂಬತ್ತು ವರ್ಷ ಅವನಿಗೆ.
ಈಗ ಚೌಕದಲ್ಲಿ ಲಾಟರಿ ಮಾರುತ್ತಾನೆ,
ಕಂಡಾಗಲೆಲ್ಲ ಮೊಣಕೈ ಚಾಚುತ್ತಾನೆ,
ನಾನು ಅದನ್ನೇ ಹಿಡಿದು ಕುಲುಕುತ್ತೇನೆ.
ಟಿಕೆಟ್ಟು ಕೊಳ್ಳುತ್ತೇನೆ. ನಂಬರು ನೋಡುವುದಿಲ್ಲ.

ಸರಿ. ಒಣ ಬಟ್ಟೆ ಕೊಡು.

ಹೊಸ ಪ್ಯಾಡು ಮೊದಲು ಬರಿದೆ ಇಟ್ಟು ನೋಡು,
ಟೇಪಿನಿಂದ ಗುರುತು ಮಾಡು. ಮಧ್ಯಕ್ಕೆ ಬಂತೇ?
ನನ್ನ ಕಣ್ಣು ಬೇಡ, ನಿನ್ನದೇ ಸಾಕು.
ಹಿಂದಿನ ಕಾಗದ ಸ್ವಲ್ಪವೇ ಬಿಡಿಸು.
ಅಂಟಿನ ಮುಖ ಮುಟ್ಟಿದರೆ ಮುನಿ,
ಒಂದು ಬೆರಳಿನ ಜಿಡ್ಡು ಸಾಕು, ಆ ಮೂಲೆ
ಜನ್ಮವಿಡೀ ಮೇಲೇಳುತ್ತಿರುತ್ತದೆ.
ನಡುವಿನಿಂದ ಹೊರಕ್ಕೆ ಒತ್ತು.
ಗುಳ್ಳೆಯನ್ನು ಅಂಚಿನ ತನಕ ನಡೆಸಿಕೊಂಡು ಹೋಗಿ
ಬಾಗಿಲು ತೋರಿಸು.
ಹಾಂ. ಹೀಗೇ. ಇನ್ನೂ ಒತ್ತು.
ನನ್ನ ಕೈ ನಡುಗದಿದ್ದರೆ ನಿನಗೆ ಬಿಡುತ್ತಿದ್ದೆನೇ!

ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ.
ಹೊರಗೆ ನೀರು ತುಂಬಿದ ಡಬ್ಬಿ ಇದೆ,
ಮುಚ್ಚಳವೂ ಇದೆ.
ಮೂರು ದಿನ ಯಾರೂ ಮುಟ್ಟಕೂಡದು.
ಕುರಿಗಳು ಕಾಯುತ್ತವೆ, ಅವುಗಳಿಗೆ ಬೇರೇನು ಕೆಲಸ.

ಒಳಕೋಣೆಯಲ್ಲಿ ಮರಿ ಬಾಗಿಲು ಕೆರೆಯುತ್ತಿದೆ.
ಕೆರೆಯಲಿ. ವಾಸನೆ ಹೋಗುವ ತನಕ
ಅದಕ್ಕಿಲ್ಲಿ ಏನೂ ಇಲ್ಲ.
ಗುರುವಾರ ಹೊತ್ತಿಗೆ
ಕೆರೆಯಲು ಅದಕ್ಕೂ ಒಂದು ಜಾಗವಾಗುತ್ತದೆ.