ಅಳತೆ ಪುಸ್ತಕ

ಹನ್ನೆರಡು ಐವತ್ತಕ್ಕೆ ಕೊನೆಯ ಲೋಕಲ್.
ನಾಲ್ಕು ಐದಕ್ಕೆ ಮೊದಲನೆಯದು.
ನಡುವಿನ ಮೂರೂಕಾಲು ತಾಸು ನಮ್ಮದು.
ತಲೆಯ ಮೇಲಿನ ತಂತಿಯ ಜೀವ ತೆಗೆದು
ಲೈನ್‌ಮನ್ ಸೀಟಿ ಊದಿದ ಮೇಲೆ
ಹಾರೆಗಳು ಏಳುತ್ತವೆ.

ನಾನು ಹಾರೆ ಹಿಡಿಯುವವನಲ್ಲ. ಕಂತ್ರಾಟುದಾರನ ಗುಮಾಸ್ತ.
ಉದ್ದ, ಅಗಲ, ದಪ್ಪ, ಷರಾ:
ನಾಲ್ಕು ಕಾಲಮ್ಮಿನ ಪುಸ್ತಕ, ಕಿವಿಯ ಮೇಲೆ ಪೆನ್ಸಿಲ್ಲು.
ಅಳೆಯದೆ ಕೆಡವಿದ್ದು ಕೆಡವಿದಂತಲ್ಲ
ಎಂದು ಸಾಹೇಬರ ಮಾತು.

ಬೀಡುಕಬ್ಬಿಣದ ಕಂಬ ಹದಿನೆಂಟು.
ಬುಡದಲ್ಲಿ ಕಡಲಾಚೆಯ ಯಾವುದೋ ಕುಲುಮೆಯ ಹೆಸರಿತ್ತಂತೆ.
ಬಣ್ಣದ ಮೇಲೆ ಬಣ್ಣ ಬಳಿದೂ ಬಳಿದೂ
ಅಕ್ಷರ ಊದಿಕೊಂಡು, ಬೆರಳಾಡಿಸಿದರೆ
ಮಾಯುತ್ತಿರುವ ಗಾಯದ ಹಾಗೆ.
ಎರಡು ಮ್ಯೂಸಿಯಮ್ಮಿಗೆ. ಹದಿನಾರು ತೂಕಕ್ಕೆ.

ಹಲಗೆಯ ಪುಲ್ಲಿನ ಕೆಳಗೆ ಜಲ್ಲಿ ಜರಡಿ ಹಿಡಿದ ಹುಡುಗರಿಗೆ
ಒಂದು ತೂತಿನ ಕಾಸು,
ಒಂದು ಹಲ್ಲಿನ ಸೆಟ್ಟು, ಮೇಲಿನ ಸಾಲಿನದು.
ಯಾರು, ಯಾವ ಗಾಡಿ ಹಿಡಿಯಲು ಓಡುತ್ತ
ಬಾಯ್ತುಂಬ ಏನು ಕೂಗಿದರೋ.
ಷರಾದಲ್ಲಿ ಅದಕ್ಕೆ ಜಾಗವಿರಲಿಲ್ಲ.

ಬೂಟ್‌ಪಾಲಿಶಿನ ಗೇಂದಾಲಾಲ್ ಹೇಳುತ್ತಾನೆ:
ಇಲ್ಲಿ ಮೊದಲು ಇಳಿದದ್ದು ಹತ್ತಿಯ ಅಂಡಿಗೆ,
ಆಮೇಲೆ ಅಂಡಿಗೆ ಹೊರುವವರು.
ಈಗ ಅಂಡಿಗೆಯಿಲ್ಲ.
ಹೊರುವವರು ಇಳಿಯುತ್ತಲೇ ಇದ್ದಾರೆ.

ಹೆಸರು? ಮೊದಲೊಬ್ಬ ಲಾಟಸಾಹೇಬನದು,
ಆಮೇಲೆ ಊರದೇವಿಯದು.
ಹಾರ್ಬರ್ ಲೈನಿನ ಮಂದಿ ಎರಡನ್ನೂ
ಅರ್ಧ ನುಂಗಿ, ಅರ್ಧ ಉಗುಳಿ ಕರೆಯುತ್ತಾರೆ.

ಹೋದ ವರ್ಷ ಹೋಳಿಗೆ ಮುಂಚೆ
ಸರದಿ ಬಂತು ಹೆಸರಿನ ಹಲಗೆಗೆ.
ಮಾಸ್ತರರ ಕೋಣೆಯ ಗೋಡೆಗಂಟಿದ ಸಾಗವಾನಿ,
ಮುಂದೆ ಮೂರು ಸಾಲು: ಮರಾಠಿ, ಹಿಂದಿ, ಇಂಗ್ಲಿಷು.
ಆರು ಬೋಲ್ಟು. ಐದು ಬಂದವು, ಒಂದನ್ನು ಕೊಯ್ದರು.
ಹಲಗೆ ಮಗುಚಿದ್ದೇ ತಿಪ್ಪವ್ವ ಕೂಗಿದಳು:
"ಯಣ್ಣಾ, ಹಿಂದ ಏನೋ ಬರದದ ನೋಡು."

ಟಾರ್ಚು ಹಿಡಿದೆ. ಜೇಡರ ಬಲೆ ಒರೆಸಿದೆ.
ಕಾಡಿಗೆಯಂಥ ಮಸಿ, ಬಡಿಗನ ದಪ್ಪ ಕೈ,
ಕನ್ನಡ.
'ಈ ಮೈ ಗ್ವಾಡಿಗೆ.'

ಅಷ್ಟೇ. ಹೆಸರಿಲ್ಲ, ತಾರೀಖಿಲ್ಲ.
ಅಫಜಲಪುರದವನೋ, ಚಡಚಣದವನೋ,
ತಿರುವುಮುರುವಾಗದಿರಲೆಂದು
ಜೊತೆಗಾರನಿಗೆ ಹೇಳಿಟ್ಟ ಮಾತು.
ಅರ್ಧ ಮುಂಬೈ ಹಲಗೆಯ ಮುಖ ನೋಡಿ ಇಳಿಯಿತು.
ಮಾತು ಮಾತ್ರ, ಹೇಳಿದ ಹಾಗೇ,
ಗೋಡೆ ನೋಡುತ್ತ ನಿಂತಿತ್ತು.

ಓದಿ ಹೇಳಿದೆ. ತಿಪ್ಪವ್ವ ಬುಟ್ಟಿ ಇಳಿಸಿ ನಕ್ಕಳು:
"ಗ್ವಾಡಿನ ಕೆಡವೀವಿ. ಇನ್ನ ಯಾ ಮೈ ಯಾತಕ್ಕ?"

ಟೇಪು ಬಿಚ್ಚಿದೆ. ಉದ್ದ ಏಳಡಿ. ಅಗಲ ಎರಡು.
ದಪ್ಪ ಒಂದೂಕಾಲು ಅಂಗುಲ.
ಸಾಗವಾನಿಯೆಂದರೆ ದುಡ್ಡು, ಸಾಹೇಬರಿಗೆ ಗೊತ್ತು.
ಷರಾ ಕಾಲಮ್ಮಿನಲ್ಲಿ ಪೆನ್ಸಿಲ್ಲು ತುಸು ತಡೆದು
'ಗೆದ್ದಲು ತಿಂದಿದೆ' ಎಂದು ಬರೆಯಿತು.
ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅದೊಂದು ಸುಳ್ಳು.
ಅಲ್ಲ, ಎರಡನೆಯದು. ಮೊದಲನೆಯದು ಇಲ್ಲಿ ಬೇಡ.

ನಾಲ್ಕು ಐದಕ್ಕೆ ಲೋಕಲ್ ಬಂತು,
ಹೆಸರೇ ಇಲ್ಲದ ಸ್ಟೇಷನ್ನಿಗೆ.
ಬಾಗಿಲ ಕಂಬ ಹಿಡಿದು ತೂಕಡಿಸುತ್ತಿದ್ದವರು
ಕಣ್ಣು ತೆರೆಯದೆ ಇಳಿದರು. ಒಬ್ಬರೂ ತಪ್ಪಲಿಲ್ಲ.
ಖಾಲಿ ಬುಟ್ಟಿಯ ಕೋಳಿಣಿಯೊಬ್ಬಳು ಮಾತ್ರ
ಗೋಡೆಯಿದ್ದ ಕಡೆ ಕೈ ಚಾಚಿ,
ಆನಲು ಏನೂ ಸಿಗದೆ
ಒಂದು ಗಳಿಗೆ ಓಲಾಡಿದಳು.

ಈಗ ಹೊಸದು ನಿಂತಿದೆ. ಗಾಜು, ಉಕ್ಕು, ತಾನೇ ಏರುವ ಮೆಟ್ಟಿಲು.
ಹೆಸರು ಬೆಳಕಾಗಿ ಓಡುತ್ತದೆ.
ಅದಕ್ಕೆ ಬೆನ್ನೇ ಇಲ್ಲ, ಎರಡೂ ಕಡೆ ಮುಖ.

ಕಂಪೌಂಡಿನಾಚೆ ತಿಪ್ಪವ್ವನ ಜೋಪಡಿ.
ಚಹಾಕ್ಕೆ ಕರೆದಿದ್ದಳು, ಹೋಗಿದ್ದೆ.
ಗಾಳಿ ನುಗ್ಗುವ ಕಡೆಗೆ ಹಲಗೆ ನಿಲ್ಲಿಸಿದ್ದಾಳೆ.
ಮುಂದಿನ ಸ್ಟೇಷನ್ನಿಗೆ ಇದನ್ನೂ ಹೊತ್ತೊಯ್ಯುತ್ತಾಳಂತೆ.
ಓದು ಬಾರದವಳು, ಕೇಳಿದ್ದನ್ನು ಪಾಲಿಸಿದ್ದಾಳೆ:
ಮಸಿಯ ಮೈ ತಾಡಪಾಲಿಗೆ.
ಒಳಗೆ, ಊರದೇವಿಯ ಮೂರು ಸಾಲಿನ ಕೆಳಗೆ
ಮೊಮ್ಮಗು, ಹಾಲುಬಾಯಿ ತೆರೆದು,
ಯಾವ ಲೋಕಲ್ಲಿಗೂ ಏಳದೆ.